ಭೂಮಿ ತಂತ್ರಾಂಶ ಮತ್ತು ಚಿಕ್ಕೋಡಿ ಉಪವಿಭಾಗ

ಕೃಷಿ ಜಮೀನುಗಳ ಹಕ್ಕುದಾಖಲೆಗಳನ್ನು ಕಾಯ್ದಿಡಲು, ತಿದ್ದಲು ಮತ್ತು ವಿತರಿಸಲು ಕರ್ನಾಟಕದ ಕಂದಾಯ ಇಲಾಖೆ ಬಳಸುವ ಗಣಕ ವ್ಯವಸ್ಥೆಗೆ ಭೂಮಿ ಎಂದು ಹೆಸರು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಜ್ಞರು ಇದರ ತಂತ್ರಾಂಶವನ್ನು ರೂಪಿಸಿದರು. 2000ದ ಆಸುಪಾಸಿನಲ್ಲಿ ಇದು ಪಹಣಿ ಎಂಬ ಹಕ್ಕುದಾಖಲೆ ಪತ್ರಗಳನ್ನು ಗಣಕದಲ್ಲಿ ಕೂಡಿಡುವ ಕೆಲಸವಾಗಿ ಶುರುವಾಯಿತು. ಮುಂದಿನ ಎರಡು ದಶಕಗಳಲ್ಲಿ ನೋಂದಣಿ, ಭೂಮಾಪನ, ಬೆಳೆಸಾಲ, ಬೆಳೆವಿಮೆ, ನೆರೆ ಪರಿಹಾರ ಮುಂತಾದ ಹಲವು ಸೇವೆಗಳು ಇದಕ್ಕೆ ಜೋಡಣೆಯಾದವು. ಸಂಗ್ರಹವಾಗಿ ಹುಟ್ಟಿದ್ದು ಇಡೀ ಆಡಳಿತ ನಡೆಸುವ ತಂತ್ರಾಂಶವಾದ ಈ ಬೆಳವಣಿಗೆಯನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಉಪವಿಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳನ್ನು ಮುಂದಿಟ್ಟುಕೊಂಡು ಈ ಲೇಖನ ಪರಿಚಯಿಸುತ್ತದೆ.

ಪ್ರದೇಶ

ಐದೂ ತಾಲೂಕುಗಳು ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿವೆ. ಮಹಾರಾಷ್ಟ್ರದ ಕೊಲ್ಹಾಪುರ ಮತ್ತು ಸಾಂಗ್ಲಿ ಜಿಲ್ಲೆಗಳು ಇವಕ್ಕೆ ಹತ್ತಿಕೊಂಡಿವೆ. ಕೃಷ್ಣಾ ನದಿ ಈ ಸೀಮೆಯ ನಡುವೆ ಹರಿಯುತ್ತದೆ. ದೂಧಗಂಗಾ, ವೇದಗಂಗಾ ನದಿಗಳು ನಿಪ್ಪಾಣಿ ಮತ್ತು ಚಿಕ್ಕೋಡಿಯ ಹೊಲಗಳಿಗೆ ನೀರುಣಿಸುತ್ತವೆ. ನದಿ ದಂಡೆಯುದ್ದಕ್ಕೂ ಕಬ್ಬು ಮುಖ್ಯ ಬೆಳೆ. ನಿಪ್ಪಾಣಿ ತಂಬಾಕಿಗೆ ಹೆಸರಾದ ಊರು. ಅಥಣಿಯ ಕಡೆ ದ್ರಾಕ್ಷಿ ತೋಟಗಳಿವೆ, ಅದೇ ತಾಲೂಕಿನ ಪೂರ್ವಕ್ಕೆ ಮಳೆ ನಂಬಿದ ಒಣಭೂಮಿಯೂ ಇದೆ. ಇಂದಿನ ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಈ ಭಾಗದ ಹಳೆಯ ಸಕ್ಕರೆ ಕಾರ್ಖಾನೆ. ಮುಂದೆ ಸಹಕಾರಿ ಕಾರ್ಖಾನೆಗಳೂ ತಲೆಯೆತ್ತಿದವು.

ನೀರಾವರಿ ಬಂದಂತೆ ಜಮೀನಿನ ಬೆಲೆ ಏರಿತು, ಅಣ್ಣತಮ್ಮಂದಿರ ನಡುವೆ ವಾಟಣಿ (ಪಾಲು ಹಂಚಿಕೆ) ಹೆಚ್ಚಿತು. ಎಕರೆಗಳಲ್ಲಿದ್ದ ಹಿಡುವಳಿ ಗುಂಟೆಗಳ ಲೆಕ್ಕಕ್ಕೆ ಇಳಿದ ಕಡೆ ಹಕ್ಕುದಾಖಲೆಯ ಒಂದೊಂದು ಸಾಲೂ ಒಂದು ಮನೆತನದ ಬದುಕಿಗೆ ಸಂಬಂಧಿಸಿದ ಮಾತಾಗುತ್ತದೆ. ಈ ಸೀಮೆಯಲ್ಲಿ ಭೂದಾಖಲೆಗಿರುವ ಮಹತ್ವಕ್ಕೆ ಇದೇ ಕಾರಣ.

ಕಾಗದದ ಕಾಲ

ಇಲ್ಲಿಯ ಭೂದಾಖಲೆಗೆ ಮುಂಬಯಿ ಪ್ರಾಂತದ ಸರ್ವೆ ತಳಹದಿ. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಪ್ರಯೋಗಿಸಿದ ಪದ್ಧತಿ ನಿಧಾನವಾಗಿ ಇಡೀ ಪ್ರಾಂತಕ್ಕೆ ಹರಡಿತು. ಹೊಲವನ್ನು ಸರಪಳಿ ಹಿಡಿದು ಅಳೆಯುವುದು, ಅದಕ್ಕೊಂದು ಸರ್ವೆ ನಂಬರು ಕೊಡುವುದು, ಗಡಿಗೆ ಕಲ್ಲು ನೆಡುವುದು, ಮಣ್ಣಿನ ಗುಣ ನೋಡಿ ಆಕಾರ (ಕಂದಾಯ) ನಿಗದಿ ಮಾಡುವುದು ಈ ಪದ್ಧತಿಯ ಮುಖ್ಯ ಹಂತಗಳು. ಟಿಪ್ಪಣಿ, ಆಕಾರಬಂದ್ ಎಂಬ ಅಂದಿನ ಮೂಲ ದಾಖಲೆಗಳನ್ನು ಇಂದಿಗೂ ಗಡಿ ತಕರಾರು ಬಂದಾಗ ಭೂಮಾಪನ ಕಚೇರಿಯಲ್ಲಿ ಬಿಚ್ಚಿ ನೋಡುತ್ತಾರೆ. ಯಾವ ಹೊಲದಲ್ಲಿ ಯಾರಿಗೆ ಎಂಥ ಹಕ್ಕಿದೆ ಎಂದು ದಾಖಲಿಸುವ ಹಕ್ಕುದಾಖಲೆ ಪದ್ಧತಿಗೆ ಮುಂಬಯಿ ಪ್ರಾಂತದಲ್ಲಿ 1903ರ ಕಾಯ್ದೆ ನೆಲೆ ಒದಗಿಸಿತು.

ಐದೂ ತಾಲೂಕುಗಳ ಚರಿತ್ರೆ ಒಂದೇ ಬಗೆಯದಲ್ಲ. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1949ರಲ್ಲಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾದ ಮೇಲೆ ಅಲ್ಲಿಯ ದಫ್ತರವೂ ಆ ರಾಜ್ಯದ ಆಡಳಿತಕ್ಕೆ ಬಂತು. ಮುಂಬಯಿ ಆಡಳಿತದ ಹಳೆಯ ಕಂದಾಯ ಕಾಗದಗಳಲ್ಲಿ ಮರಾಠಿಯ ಮೋಡಿ ಲಿಪಿಯ ಬಳಕೆ ವ್ಯಾಪಕವಾಗಿತ್ತು. ಆ ಲಿಪಿಯನ್ನು ಓದಬಲ್ಲವರು ವಿರಳರಾದಂತೆ ಹಳೆಯ ಕಾಗದ ಕೈಯಲ್ಲಿದ್ದರೂ ಅದರಲ್ಲಿ ಏನು ಬರೆದಿದೆ ಎಂದು ತಿಳಿಯುವುದೇ ಕಷ್ಟವಾಯಿತು.

ವಂಶಪಾರಂಪರ್ಯವಾಗಿ ಊರ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿ ವತನಗಳನ್ನು ಮುಂಬಯಿ ರಾಜ್ಯದ 1950ರ ಕಾಯ್ದೆ ರದ್ದುಪಡಿಸಿತು. ದಫ್ತರ ಸಂಬಳದ ತಲಾಟಿಯ, ಅಂದರೆ ಗ್ರಾಮ ಲೆಕ್ಕಾಧಿಕಾರಿಯ, ಕೈಗೆ ಹೋಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಕಾನೂನು ತಂದಿತು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರು ಮಾಲೀಕರಾದಾಗ ದಾಖಲೆಗಳಲ್ಲಿ ಮತ್ತೆ ದೊಡ್ಡ ಪ್ರಮಾಣದ ಬದಲಾವಣೆಗಳಾದವು. ಇಷ್ಟೂ ಬದಲಾವಣೆಗಳನ್ನು ಕೈಬರಹದ ಪುಸ್ತಕಗಳು ಹೊತ್ತುಕೊಂಡಿದ್ದವು. ಪುಸ್ತಕ ತಲಾಟಿಯ ಬಳಿ ಇರುತ್ತಿತ್ತು. ಅವರು ಸಿಕ್ಕ ದಿನ ಪಹಣಿಯ ನಕಲು ಸಿಗುತ್ತಿತ್ತು. ಹೆಸರು ಏರಿಸಲು, ಇಳಿಸಲು, ಒಂದು ನಕಲು ಪಡೆಯಲು ಕೂಡ ರೈತ ಕೈ ಬಿಸಿ ಮಾಡಬೇಕಾದ ಪರಿಸ್ಥಿತಿ ರಾಜ್ಯದ ಎಲ್ಲ ಕಡೆ ಇತ್ತು.

ಉತಾರದ ರಚನೆ

ಕಾನೂನಿನಲ್ಲಿ ಆರ್‌ಟಿಸಿ ಅಥವಾ ಪಹಣಿ ಎನಿಸಿಕೊಳ್ಳುವ ಪತ್ರವನ್ನು ಈ ಭಾಗದ ರೈತರು ಉತಾರ ಎನ್ನುತ್ತಾರೆ. ಒಂದೇ ಹಾಳೆಯಲ್ಲಿ ಒಂದು ಹೊಲದ ಜಾತಕವೆಲ್ಲ ಅಡಗಿರುತ್ತದೆ. ಮೊದಲ ಅಂಕಣಗಳಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು, ಎಕರೆ ಗುಂಟೆಗಳಲ್ಲಿ ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು, ಕಂದಾಯ ಎಷ್ಟು, ಮಣ್ಣು ಎಂಥದು ಎಂಬ ವಿವರಗಳಿವೆ. 9ನೇ ಅಂಕಣದಲ್ಲಿ ಕಬ್ಜೆದಾರರ ಹೆಸರು. ಆ ಹೆಸರು ಖರೀದಿಯಿಂದ ಬಂತೋ ವಾರಸಾದಿಂದ ಬಂತೋ ಎಂಬುದು 10ನೇ ಅಂಕಣದಲ್ಲಿ, ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರಿನ ಸಮೇತ. 11ನೇ ಅಂಕಣ ಇತರ ಹಕ್ಕು ಮತ್ತು ಋಣಗಳಿಗೆ ಮೀಸಲು; ಬ್ಯಾಂಕಿನ ಅಥವಾ ಸಹಕಾರಿ ಸಂಘದ ಬೋಜಾ ಕಾಣುವುದು ಇಲ್ಲಿಯೇ. 12ನೇ ಅಂಕಣದಲ್ಲಿ ಸಾಗುವಳಿದಾರರು ಮತ್ತು ಆ ವರ್ಷದ ಬೆಳೆ.

ಭೂಮಿ ವ್ಯವಸ್ಥೆಯ ಮುಂದಿನ ಬೆಳವಣಿಗೆಯೆಲ್ಲ ಈ ಅಂಕಣಗಳ ಸುತ್ತಲೇ ನಡೆಯಿತು. ನೋಂದಣಿ ಕಚೇರಿಗೆ ಬೇಕಾದದ್ದು 9ನೇ ಅಂಕಣ, ಬ್ಯಾಂಕಿಗೆ 11, ವಿಮೆಗೂ ಬೆಳೆಹಾನಿ ಪರಿಹಾರಕ್ಕೂ 12. ಒಂದು ಕಾಗದ ಇಷ್ಟು ಇಲಾಖೆಗಳಿಗೆ ಬೇಕಾಗಿದ್ದರಿಂದಲೇ ಅದನ್ನು ಇರಿಸಿದ ಗಣಕವೂ ಎಲ್ಲರಿಗೂ ಬೇಕಾಯಿತು.

ಗಣಕೀಕರಣ

ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಕೇಂದ್ರ ಸರ್ಕಾರದ ಯೋಜನೆ 1988–89ರಲ್ಲಿ ದೇಶದ 8 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿತ್ತು. ಗಣಕಕ್ಕೆ ಏರಿಸಿದ ಮೇಲೂ ಕೈಬರಹದ ಪುಸ್ತಕ ಚಾಲ್ತಿಯಲ್ಲಿದ್ದರೆ ಎರಡು ದಾಖಲೆಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಗಣಕದ ಪ್ರತಿ ಕೆಲವೇ ತಿಂಗಳಲ್ಲಿ ಹಳಸುತ್ತದೆ. ಕರ್ನಾಟಕ ಈ ತೊಡಕನ್ನು ಒಂದು ಕಟ್ಟುನಿಟ್ಟಿನ ನಿರ್ಧಾರದಿಂದ ಬಿಡಿಸಿತು. ತಾಲೂಕಿನ ದಾಖಲೆಗಳೆಲ್ಲ ಗಣಕಕ್ಕೆ ಬಂದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದು ಅಧಿಸೂಚನೆ ಹೊರಡಿಸಲಾಯಿತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕೆಲಸ ನಡೆಯಿತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ದಾಖಲಾತಿಯನ್ನು ಖಾಸಗಿ ಸಂಸ್ಥೆಗಳಿಂದ ಮಾಡಿಸಲಾಯಿತು; ಮೂಲ ಪುಸ್ತಕದ ಜೊತೆ ತಾಳೆ ನೋಡುವ ಹೊಣೆ ಗ್ರಾಮ ಲೆಕ್ಕಾಧಿಕಾರಿಗಳ ಮೇಲಿತ್ತು.

ತಾಲೂಕು ಕಚೇರಿಯಲ್ಲಿ ಭೂಮಿ ಕೇಂದ್ರ ತೆರೆಯಿತು. ಆಗ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಯಾವ ಹೊಲದ ಪಹಣಿಯನ್ನಾದರೂ ಪಡೆಯಬಹುದಿತ್ತು. ಸಿಬ್ಬಂದಿ ಏನು ಮಾಡುತ್ತಿದ್ದಾರೆ ಎಂಬುದು ಅರ್ಜಿದಾರರಿಗೂ ಕಾಣಲಿ ಎಂದು ಅವರ ಕಡೆ ಮುಖ ಮಾಡಿದ ಎರಡನೇ ಪರದೆ ಇರಿಸಲಾಯಿತು. ಬದಲಾವಣೆ ಮಾಡುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆದುಕೊಳ್ಳುವ ಕಟ್ಟಳೆಯನ್ನು ತಂತ್ರಾಂಶದಲ್ಲೇ ಅಳವಡಿಸಲಾಯಿತು.

ವಾರಸಾ ಪ್ರಕರಣ ನೋಡಿದರೆ ಈ ವ್ಯವಸ್ಥೆಯ ನಡೆ ಸ್ಪಷ್ಟವಾಗುತ್ತದೆ. ರೈತ ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ ಮತ್ತು ವಂಶಾವಳಿಯ ಜೊತೆ ಮನೆಯವರು ಅರ್ಜಿ ಕೊಡುತ್ತಾರೆ. ಅರ್ಜಿಗೆ ನಂಬರು ಬೀಳುತ್ತದೆ, ಸಂಬಂಧಪಟ್ಟವರಿಗೆ ನೋಟಿಸು ಹೊರಡುತ್ತದೆ, ಊರಲ್ಲಿ ಪ್ರಚುರಪಡಿಸಲಾಗುತ್ತದೆ. ಗಡುವಿನೊಳಗೆ ತಕರಾರು ಬರದಿದ್ದರೆ ಕಂದಾಯ ನಿರೀಕ್ಷಕರು ಆದೇಶ ಮಾಡುತ್ತಾರೆ. ಆದೇಶದ ಪ್ರತಿಯನ್ನು ಸ್ಕ್ಯಾನ್ ಮಾಡಿ ಸೇರಿಸಿದ ಮೇಲೆ ಹೊಸ ಹೆಸರುಗಳು 9ನೇ ಅಂಕಣಕ್ಕೆ ಬರುತ್ತವೆ. ತಕರಾರು ಬಂದರೆ ವಿಚಾರಣೆ ನಡೆಯುತ್ತದೆ. ಮ್ಯುಟೇಶನ್ ಆದೇಶದ ವಿರುದ್ಧ ಭೂಕಂದಾಯ ಕಾಯ್ದೆಯ 136(2)ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಈ ತಾಲೂಕುಗಳ ಜನ ಅದಕ್ಕಾಗಿ ಚಿಕ್ಕೋಡಿಯ ಕಚೇರಿಗೆ ಬರುತ್ತಾರೆ. ಅಲ್ಲಿಂದ ಮುಂದೆ ಜಿಲ್ಲಾಧಿಕಾರಿಗೆ ಪರಿಶೀಲನಾ ಅರ್ಜಿ ಹಾಕಲು ಅವಕಾಶವಿದೆ.

ತಾಲೂಕು ಸರ್ವರಿನಿಂದ ಕೇಂದ್ರ ಸಂಗ್ರಹಕ್ಕೆ

ಮೊದಲ ಹಂತದಲ್ಲಿ ಪ್ರತಿ ತಾಲೂಕಿನ ದಾಖಲೆ ಆಯಾ ತಾಲೂಕು ಕಚೇರಿಯ ಸರ್ವರಿನಲ್ಲೇ ಇರುತ್ತಿತ್ತು. ಕೆಲಸ ಸ್ಥಳೀಯವಾಗಿ ಸಾಗುತ್ತಿತ್ತು, ಆದರೆ ಅಥಣಿಯ ಉತಾರ ಅಥಣಿಯಲ್ಲೇ ಸಿಗಬೇಕಿತ್ತು. ಒಂದು ಯಂತ್ರ ಕೆಟ್ಟರೆ ಇಡೀ ತಾಲೂಕಿನ ಕೆಲಸ ನಿಲ್ಲುವ ಅಪಾಯವೂ ಇತ್ತು. ರಾಜ್ಯವ್ಯಾಪಿ ಜಾಲ ಮತ್ತು ರಾಜ್ಯ ದತ್ತಾಂಶ ಕೇಂದ್ರ ಸಿದ್ಧವಾದ ಮೇಲೆ ದಾಖಲೆಗಳನ್ನು ಒಂದೆಡೆ ಕೂಡಿಸಲಾಯಿತು. ಮುಂದೆ ಡಿಜಿಟಲ್ ಸಹಿ ಇರುವ ಪಹಣಿಯನ್ನು ಅಂತರ್ಜಾಲದಿಂದಲೇ ಪಡೆಯುವ ಸೌಲಭ್ಯ ಬಂತು. ಹೋಬಳಿ ಮಟ್ಟದ ನಾಡಕಚೇರಿಗಳು 2012ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳೆಂಬ ಹೆಸರಿನಲ್ಲಿ ಸೇವೆಯನ್ನು ಹಳ್ಳಿಗೆ ಇನ್ನಷ್ಟು ಹತ್ತಿರ ತಂದವು.

ಒಂದೆಡೆ ಕೂಡಿಸಿದ ಸಂಗ್ರಹದ ಅನುಕೂಲ ಹೊಸ ತಾಲೂಕುಗಳ ರಚನೆಯಲ್ಲೂ ಕಂಡಿತು. ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರೆಯಾಗಿ 2018ರಲ್ಲಿ ತಾಲೂಕುಗಳಾಗಿ ಕೆಲಸ ಆರಂಭಿಸಿದವು. ಕಾಗದದ ಕಾಲವಾಗಿದ್ದರೆ ಪುಸ್ತಕಗಳನ್ನು ವಿಂಗಡಿಸಿ, ಗಂಟು ಕಟ್ಟಿ ಹೊಸ ಕಚೇರಿಗೆ ಸಾಗಿಸಬೇಕಿತ್ತು. ಗಣಕದಲ್ಲಿ ಇರುವ ದಾಖಲೆಗೆ ಹೊಸ ತಾಲೂಕಿನ ಗುರುತು ಕೊಡುವುದೇ ಮುಖ್ಯ ಕೆಲಸ. ಹಳೆಯ ಮೂಲ ಕಾಗದಗಳ ಪ್ರಶ್ನೆ ಮಾತ್ರ ಬೇರೆ. ಅವು ಇನ್ನೂ ಕಚೇರಿಗಳ ದಾಖಲೆ ಕೋಣೆಗಳಲ್ಲಿ ಕಟ್ಟುಗಳಾಗಿ ಇದ್ದವು.

ಜೋಡಣೆಗಳು

ಸಂಗ್ರಹವೊಂದು ಆಡಳಿತದ ತಂತ್ರಾಂಶವಾಗುವುದು ಬೇರೆ ವ್ಯವಸ್ಥೆಗಳು ಅದರೊಡನೆ ಮಾತಾಡಲು ತೊಡಗಿದಾಗ. ಭೂಮಿಯ ವಿಷಯದಲ್ಲಿ ಮೊದಲ ದೊಡ್ಡ ಜೋಡಣೆ ಕಾವೇರಿ. ದಸ್ತಾವೇಜುಗಳ ನೋಂದಣಿಗಾಗಿ 2003ರಲ್ಲಿ ಬಳಕೆಗೆ ಬಂದ ಈ ತಂತ್ರಾಂಶವನ್ನು ಪುಣೆಯ ಸಿ–ಡ್ಯಾಕ್ ರೂಪಿಸಿತ್ತು. ಮೊದಲು ಜಮೀನು ಖರೀದಿಸಿದವರು ಉಪನೋಂದಣಿ ಕಚೇರಿಯಲ್ಲಿ ಕೆಲಸ ಮುಗಿಸಿ, ಮತ್ತೆ ತಾಲೂಕು ಕಚೇರಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕಿತ್ತು. ಜೋಡಣೆಯಾದ ಮೇಲೆ ನೋಂದಣಿಯ ಮಾಹಿತಿ ಜೆ–ಸ್ಲಿಪ್ ರೂಪದಲ್ಲಿ ತಾನಾಗಿಯೇ ಭೂಮಿಗೆ ಬಂದು ಮ್ಯುಟೇಶನ್ ಶುರುವಾಗುತ್ತದೆ. ಮಾರುವವರ ಹೆಸರು ಪಹಣಿಯಲ್ಲಿ ಇದೆಯೇ ಎಂದು ನೋಂದಣಿಗೆ ಮೊದಲೇ ನೋಡುವುದೂ ಸಾಧ್ಯವಾಯಿತು.

ಎರಡನೆಯದು ಭೂಮಾಪನ ಇಲಾಖೆಯ ಮೋಜಿಣಿ. ಸರ್ವೆ ನಂಬರಿನ ಒಂದು ಭಾಗವನ್ನು ಮಾರಲು ಅಥವಾ ಪಾಲು ಮಾಡಿಕೊಳ್ಳಲು ಮುಂಚಿತವಾಗಿ ಅಳತೆ ಮಾಡಿಸಿ 11ಇ ನಕ್ಷೆ ಪಡೆಯಬೇಕು ಎಂಬ ಕಟ್ಟಳೆ ಬಂತು. ಕಾಗದದಲ್ಲಿ ಗುಂಟೆ ಹಂಚಿಕೊಂಡು ಹೊಲದಲ್ಲಿ ಬಡಿದಾಡುವುದನ್ನು ತಪ್ಪಿಸುವುದು ಇದರ ಉದ್ದೇಶ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ಬಂದ ಮೇಲೆ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಸರ್ವೆ ನಂಬರು ನೋಡುವುದೂ ಸುಲಭವಾಯಿತು.

ಮೂರನೆಯದು ಕೃಷಿ ಸೌಲಭ್ಯಗಳ ಗುಂಪು. ಬೆಳೆವಿಮೆಗೆ ಸಂರಕ್ಷಣೆ, ಬೆಳೆಹಾನಿಗೆ ಪರಿಹಾರ, ರೈತರ ಏಕೀಕೃತ ನೋಂದಣಿಗೆ ಫ್ರೂಟ್ಸ್ ಎಂಬ ತಂತ್ರಾಂಶಗಳು ಭೂಮಿಯ ದಾಖಲೆಯನ್ನು ಆಧರಿಸಿವೆ. ಫ್ರೂಟ್ಸ್‌ನಲ್ಲಿ ರೈತರಿಗೆ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ಸಿಗುತ್ತದೆ. ಅವರ ಹೆಸರಿನ ಎಲ್ಲ ಸರ್ವೆ ನಂಬರುಗಳು ಅದರಡಿ ಸೇರುತ್ತವೆ. ಬೆಳೆಸಾಲ ಕೊಟ್ಟ ಬ್ಯಾಂಕು ತನ್ನ ಬೋಜಾವನ್ನು ಗಣಕದಲ್ಲೇ ಏರಿಸಬಹುದು, ಸಾಲ ತೀರಿದ ಮೇಲೆ ಇಳಿಸಬಹುದು. ಪಿಕೆಪಿಎಸ್ ಎಂದು ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಬೇರೂರಿರುವ ಈ ತಾಲೂಕುಗಳಲ್ಲಿ ಇದರ ಬೆಲೆ ದೊಡ್ಡದು. ಸಾಲ ತೀರಿಸಿದರೂ ಉತಾರದಿಂದ ಬೋಜಾ ಹೋಗದಿದ್ದರೆ ಮುಂದಿನ ಹಂಗಾಮಿನ ಸಾಲಕ್ಕೇ ತಡೆ ಬೀಳುತ್ತದೆ.

ಸಾಲಮನ್ನಾ ಮತ್ತು ನೆರೆ

ಎರಡು ಸಂದರ್ಭಗಳಲ್ಲಿ ಈ ಜೋಡಣೆಗಳು ಪರೀಕ್ಷೆಗೆ ಒಳಗಾದವು. ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಸರ್ಕಾರ 2018ರಲ್ಲಿ ಬೆಳೆಸಾಲ ಮನ್ನಾ ಘೋಷಿಸಿದಾಗ, ಭೂಮಿಯ ಉಸ್ತುವಾರಿ ಕೋಶವೇ ಅದರ ತಂತ್ರಾಂಶದ ಹೊಣೆ ಹೊತ್ತಿತು. ಬ್ಯಾಂಕಿನ ಸಾಲಪಟ್ಟಿ, ಆಧಾರ್, ಪಡಿತರ ಚೀಟಿ ಮತ್ತು ಜಮೀನಿನ ವಿವರಗಳನ್ನು ತಾಳೆ ಹಾಕಿ ಅರ್ಹರನ್ನು ಗುರುತಿಸಲಾಯಿತು. ವಿವರಗಳು ಹೊಂದಿಕೊಂಡವರ ಕೆಲಸ ಬೇಗ ಮುಗಿಯಿತು. ಹೆಸರಿನಲ್ಲಿ ವ್ಯತ್ಯಾಸ ಇದ್ದವರು ಕಚೇರಿಯಿಂದ ಕಚೇರಿಗೆ ತಿರುಗಬೇಕಾಯಿತು.

2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಉಪನದಿಗಳ ಮಹಾಪೂರ ಐದೂ ತಾಲೂಕುಗಳ ನದಿತೀರದ ಊರುಗಳನ್ನು ಮುಳುಗಿಸಿತು. ಕಬ್ಬು ದಿನಗಟ್ಟಲೆ ನೀರಿನಲ್ಲಿ ನಿಂತು ಕೊಳೆಯಿತು. 2021ರಲ್ಲಿ ಮತ್ತೆ ನೆರೆ ಬಂತು. ಬೆಳೆಹಾನಿಯ ವಿವರವನ್ನು ಪರಿಹಾರ ತಂತ್ರಾಂಶದಲ್ಲಿ ದಾಖಲಿಸಿ, ಪಹಣಿ ಮತ್ತು ಆಧಾರ್ ಆಧಾರದ ಮೇಲೆ ಹಣವನ್ನು ನೇರ ಬ್ಯಾಂಕ್ ಖಾತೆಗೆ ಹಾಕುವ ವ್ಯವಸ್ಥೆ ಆಗ ನೆರವಾಯಿತು. ನೀರಿನಲ್ಲಿ ಮನೆಯ ಕಾಗದಪತ್ರಗಳನ್ನು ಕಳೆದುಕೊಂಡ ರೈತನ ಹಕ್ಕು ದೂರದ ದತ್ತಾಂಶ ಕೇಂದ್ರದಲ್ಲಿ ಭದ್ರವಾಗಿ ಉಳಿದಿತ್ತು ಎಂಬುದು ಗಣಕೀಕರಣದ ಬಹುದೊಡ್ಡ ಸಾರ್ಥಕ್ಯ. ಆದರೆ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಉತಾರ ಇದ್ದರೆ ಹಣ ಯಾರ ಖಾತೆಗೆ ಹೋಗಬೇಕು ಎಂಬ ಪ್ರಶ್ನೆಗೆ ಗಣಕದ ಬಳಿ ಉತ್ತರವಿರುವುದಿಲ್ಲ. ವಾರಸಾ ಮಾಡಿಸದೆ ಮುಂದೂಡಿದ ಮನೆಗಳಿಗೆ ಆ ವಿಳಂಬ ಸಂಕಟದ ಹೊತ್ತಿನಲ್ಲೇ ಬಾಧಿಸುತ್ತದೆ.

ಖಾಸಗಿ ಕ್ಷೇತ್ರದ ಬೆಳವಣಿಗೆ

ಇದೇ ಕಾಲದಲ್ಲಿ ಜಗತ್ತಿನ ಖಾಸಗಿ ತಂತ್ರಾಂಶ ಉದ್ಯಮದಲ್ಲೂ ಸಂಗ್ರಹ ಸೇವೆಗಳು ಹೀಗೆಯೇ ಬೆಳೆದವು. ಅಮೆರಿಕದಲ್ಲಿ ಬಾಕ್ಸ್ 2005ರಲ್ಲಿ, ಡ್ರಾಪ್‌ಬಾಕ್ಸ್ 2007ರಲ್ಲಿ ಹುಟ್ಟಿದವು. ಅಮೆಜಾನ್ ತನ್ನ ಎಸ್3 ಕ್ಲೌಡ್ ಸಂಗ್ರಹ ಸೇವೆಯನ್ನು 2006ರಲ್ಲಿ ಆರಂಭಿಸಿತು. ಕಡತ ಇಟ್ಟುಕೊಳ್ಳಲು ಜಾಗ ಕೊಡುವುದು ಮೊದಲ ಹೆಜ್ಜೆ. ಜಾಗ ಅಗ್ಗವಾದಂತೆ ಅದರಿಂದಷ್ಟೇ ಆದಾಯ ಸಾಲದಾಯಿತು. ಆಗ ಬಾಕ್ಸ್‌ನಂಥ ಕಂಪನಿಗಳು ಯಾರು ಯಾವ ಕಡತ ತೆರೆಯಬಹುದು, ಯಾರು ಯಾವಾಗ ಏನು ತಿದ್ದಿದರು, ಕಡತ ಯಾರ ಒಪ್ಪಿಗೆಗೆ ಹೋಗಬೇಕು ಎಂಬುದನ್ನು ನಿರ್ವಹಿಸುವ ಸೌಲಭ್ಯಗಳನ್ನು ದೊಡ್ಡ ಸಂಸ್ಥೆಗಳಿಗೆ ಮಾರತೊಡಗಿದವು.

ನಿಪ್ಪಾಣಿಯ ಮೇಲೆ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯ ಎರಡೂ ತುದಿಗಳಲ್ಲಿ ಇದಕ್ಕೆ ಉದಾಹರಣೆಗಳಿವೆ. ಪುಣೆಯಲ್ಲಿ 2008ರಲ್ಲಿ ಶುರುವಾದ ಡ್ರೂವಾ, ಸಂಸ್ಥೆಗಳ ಲ್ಯಾಪ್‌ಟಾಪುಗಳ ದತ್ತಾಂಶಕ್ಕೆ ಕಾಪುಪ್ರತಿ ಮಾಡುತ್ತ ಬೆಳೆದು, ಕ್ಲೌಡ್ ಆಧಾರಿತ ದತ್ತಾಂಶ ರಕ್ಷಣೆಯ ದೊಡ್ಡ ಕಂಪನಿಯಾಯಿತು. ಬೆಂಗಳೂರಿನಲ್ಲಿ ಬೆಳೆದ ಕ್ಲೌಡ್‌ಬೈಟ್ ಎಂಬ ಸಂಗ್ರಹ ತಂತ್ರಾಂಶದ ನವೋದ್ಯಮ ಮುಂದೆ ಮಾಯಾಡೇಟಾ ಆಯಿತು; ಅದು ರೂಪಿಸಿದ ಓಪನ್‌ಇಬಿಎಸ್ ಮುಕ್ತ ತಂತ್ರಾಂಶವಾಗಿ ಹರಡಿತು. 2021ರಲ್ಲಿ ಡೇಟಾಕೋರ್ ಕಂಪನಿ ಮಾಯಾಡೇಟಾವನ್ನು ಕೊಂಡಿತು.

ಭೂಮಿಗೂ ಇವಕ್ಕೂ ಸಂಗ್ರಹ, ಪ್ರವೇಶಾಧಿಕಾರ, ಬದಲಾವಣೆಯ ಜಾಡು, ಇತರ ತಂತ್ರಾಂಶಗಳ ಜೋಡಣೆ ಎಂಬ ಮೆಟ್ಟಿಲುಗಳು ಒಂದೇ. ವ್ಯತ್ಯಾಸ ಇರುವುದು ಬಳಸುವವರ ಸ್ಥಿತಿಯಲ್ಲಿ. ಕಂಪನಿಯ ಸೇವೆ ಹಿಡಿಸದಿದ್ದರೆ ಗ್ರಾಹಕ ಇನ್ನೊಂದನ್ನು ಹುಡುಕಬಹುದು. ರೈತನಿಗೆ ಇರುವುದು ಒಂದೇ ಉತಾರ, ಅದನ್ನು ಕೊಡುವುದು ಒಂದೇ ಸರ್ಕಾರ. ಆದ್ದರಿಂದ ತಪ್ಪು ತಿದ್ದುವ ದಾರಿ ಇಲ್ಲಿ ಇನ್ನೂ ಸುಗಮವಾಗಿರಬೇಕು.

ಟೀಕೆ ಮತ್ತು ಇತಿಮಿತಿ

ಭೂಮಿ ಬಂದ ಮೇಲೆ ಪಹಣಿಯ ನಕಲಿಗಾಗಿ ಲಂಚ ಕೊಡುವುದು ಬಹಳಷ್ಟು ಇಳಿಯಿತು ಎಂಬುದನ್ನು ಆರಂಭದ ಮೌಲ್ಯಮಾಪನಗಳು ಗುರುತಿಸಿವೆ. ಟೀಕೆಗಳೂ ಬಂದಿವೆ. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಧಿಕಾರ ಹಳ್ಳಿಯಿಂದ ಮೇಲಕ್ಕೆ ಸರಿದು ಬೆಂಗಳೂರಿನ ಸುತ್ತಲಿನ ದೊಡ್ಡ ಭೂವ್ಯವಹಾರಸ್ಥರಿಗೆ ಅನುಕೂಲವಾಯಿತು ಎಂದು ವಾದಿಸಿತು. ಚಿಕ್ಕೋಡಿ ಸೀಮೆಯ ರೈತರನ್ನು ಕಾಡುವ ತೊಡಕುಗಳು ಬೇರೆ ಬಗೆಯವು.

ಮೊದಲನೆಯದು ಬಹುಮಾಲೀಕತ್ವದ ಪಹಣಿ. ಅಣ್ಣತಮ್ಮಂದಿರು ಹೊಲದಲ್ಲಿ ಬದು ಹಾಕಿ ಬೇರೆ ಬೇರೆ ಉಳುತ್ತಿದ್ದರೂ ಪೋಡಿ, ಅಂದರೆ ಅಳತೆ ಮಾಡಿ ಪಾಲುಗಳನ್ನು ದಾಖಲೆಯಲ್ಲಿ ಬೇರ್ಪಡಿಸುವ ಕೆಲಸ, ಆಗಿರದಿದ್ದರೆ ಉತಾರ ಒಂದೇ ಇರುತ್ತದೆ. ಒಬ್ಬರ ಸಾಲದ ಬೋಜಾ ಎಲ್ಲರಿಗೂ ಸೇರಿದ ಆ ಹಾಳೆಯಲ್ಲಿ ಕಾಣುತ್ತದೆ, ಮಾರಾಟಕ್ಕೂ ಸಾಲಕ್ಕೂ ಉಳಿದವರ ಸಹಿ ಬೇಕಾಗುತ್ತದೆ. ಎರಡನೆಯದು ಹೆಸರಿನ ವ್ಯತ್ಯಾಸ. ಅಡ್ಡಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು, ಮರಾಠಿಯಲ್ಲಿದ್ದ ಹೆಸರನ್ನು ಕನ್ನಡಕ್ಕೆ ತರುವಾಗ ಅಕ್ಷರ ಬದಲಾಗಿರುವುದು ಗಡಿನಾಡಿನಲ್ಲಿ ಸಹಜ. ಆಧಾರ್ ಜೋಡಣೆಯ ಹೊತ್ತಿನಲ್ಲಿ ಈ ಸಣ್ಣ ವ್ಯತ್ಯಾಸವೇ ಅಡ್ಡ ನಿಲ್ಲುತ್ತದೆ. ಮೂರನೆಯದು 12ನೇ ಅಂಕಣದ ಬೆಳೆ. ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ವಿಮೆ ಕಟ್ಟಿದ ಬೆಳೆಗೂ ಹೊಂದದಿದ್ದರೆ ಪರಿಹಾರಕ್ಕೆ ಕುತ್ತು ಬರುತ್ತದೆ. ಗಡಿಯಾಚೆ ಶಿರೋಳ ಅಥವಾ ಕಾಗಲ್ ತಾಲೂಕಿನಲ್ಲೂ ಹೊಲ ಇರುವ ಕುಟುಂಬಗಳಿಗೆ ಮಹಾರಾಷ್ಟ್ರದ ಸಾತ್‌ಬಾರಾ ಎಂಬ ಹಕ್ಕುದಾಖಲೆ ವ್ಯವಸ್ಥೆ ಸಂಪೂರ್ಣ ಬೇರೆಯದು; ಎರಡು ರಾಜ್ಯಗಳ ದಾಖಲೆಯನ್ನೂ ಪ್ರತ್ಯೇಕವಾಗಿ ಸರಿಯಿಟ್ಟುಕೊಳ್ಳಬೇಕು.

ಕಾನೂನಿನ ಇತಿಮಿತಿಯನ್ನೂ ಮರೆಯಬಾರದು. ಪಹಣಿಯ ನಮೂದನ್ನು, ಬೇರೆ ರೀತಿ ಸಾಬೀತಾಗುವವರೆಗೆ, ಸರಿ ಎಂದು ಭಾವಿಸಬೇಕೆಂದು ಭೂಕಂದಾಯ ಕಾಯ್ದೆಯ 133ನೇ ಕಲಮು ಹೇಳುತ್ತದೆ. ಮಾಲೀಕತ್ವದ ಕಡೆಯ ತೀರ್ಮಾನ ಸಿವಿಲ್ ನ್ಯಾಯಾಲಯದ್ದು.

ಇತ್ತೀಚಿನ ಕೆಲಸಗಳು

ಕಂದಾಯ ಸಚಿವ ಕೃಷ್ಣ ಬೈರೇಗೌಡರ ಅವಧಿಯಲ್ಲಿ, 2024ರಲ್ಲಿ, ಎರಡು ಕೆಲಸಗಳಿಗೆ ವೇಗ ಬಂತು. ಪಹಣಿಗೆ ಮಾಲೀಕರ ಆಧಾರ್ ಜೋಡಿಸುವುದು ಒಂದು. ತಾಲೂಕು ಕಚೇರಿಗಳಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿ ಕಾಪಾಡುವ ಭೂಸುರಕ್ಷಾ ಯೋಜನೆ ಇನ್ನೊಂದು. ಆರಂಭದ ಗಣಕೀಕರಣ ಚಾಲ್ತಿಯ ಪಹಣಿಯನ್ನು ಉಳಿಸಿತು. ಆ ಪಹಣಿಯ ಹಿಂದಿನ ಆಧಾರಗಳನ್ನು ಉಳಿಸುವುದು ಭೂಸುರಕ್ಷಾದ ಗುರಿ. ಕುಸಿಯುತ್ತಿರುವ ಕಾಗದ, ಗೆದ್ದಲು, ತೇವ ಮತ್ತು ಕಡತ ಕಾಣೆಯಾಗುವ ಪಿಡುಗಿನ ನಡುವೆ ಇದು ತಡವಾಗಿಯಾದರೂ ಆಗಲೇಬೇಕಿದ್ದ ಕೆಲಸ. ಮೋಡಿ ಲಿಪಿಯ ಕಾಗದಗಳಿರುವ ಕಡೆ ಸ್ಕ್ಯಾನ್ ಮಾಡಿದರಷ್ಟೇ ಸಾಲದು, ಓದಿ ಬರೆದಿಡಬಲ್ಲವರೂ ಬೇಕು.

ಮಹತ್ವ

ಭೂಮಿಯ ಬೆಳವಣಿಗೆ ಒಂದು ಮುಖ್ಯ ಪಾಠವನ್ನು ಕಲಿಸುತ್ತದೆ. ದಾಖಲೆ ಕೂಡಿಟ್ಟದ್ದರಿಂದ ನಕಲು ಸುಲಭವಾಗಿ ಸಿಕ್ಕಿತು; ದಾಖಲೆಗಳನ್ನು ಜೋಡಿಸಿದ್ದರಿಂದ ಸಾಲ, ವಿಮೆ, ಪರಿಹಾರ ರೈತನ ಖಾತೆಯವರೆಗೆ ಬಂದವು. ಅದೇ ಜೋಡಣೆ ಒಂದು ತಪ್ಪು ನಮೂದನ್ನು ಬ್ಯಾಂಕಿಗೂ ವಿಮೆಗೂ ಪರಿಹಾರಕ್ಕೂ ಏಕಕಾಲದಲ್ಲಿ ಮುಟ್ಟಿಸುತ್ತದೆ. ಕಾಗದದ ಕಾಲದಲ್ಲಿ ಒಂದು ಪುಸ್ತಕದಲ್ಲಿ ಉಳಿಯುತ್ತಿದ್ದ ತಪ್ಪು ಈಗ ರೈತನ ಎಲ್ಲ ಸೌಲಭ್ಯಗಳನ್ನೂ ಒಮ್ಮೆಗೇ ತಡೆಯಬಲ್ಲದು. ಹಾಗಾಗಿ ಹೊಸ ತಂತ್ರಾಂಶಗಳನ್ನು ಸೇರಿಸುವಷ್ಟೇ ಶ್ರದ್ಧೆಯಿಂದ ಬಾಕಿ ಪೋಡಿಗಳನ್ನು ಮುಗಿಸುವುದು, ವಾರಸಾ ನಮೂದುಗಳನ್ನು ಕಾಲಕಾಲಕ್ಕೆ ಮಾಡುವುದು, ಹೆಸರಿನ ತಿದ್ದುಪಡಿಯನ್ನು ಹೋಬಳಿ ಮಟ್ಟದಲ್ಲೇ ಬಗೆಹರಿಸುವುದು ಅಗತ್ಯ. ಚಿಕ್ಕೋಡಿಯಿಂದ ಕಾಗವಾಡದವರೆಗಿನ ರೈತರು ವರ್ಷಕ್ಕೊಮ್ಮೆ ತಮ್ಮ ಉತಾರದ 9, 11 ಮತ್ತು 12ನೇ ಅಂಕಣಗಳನ್ನು ಓದಿ ನೋಡಿ, ತಪ್ಪಿದ್ದರೆ ಕೂಡಲೇ ಅರ್ಜಿ ಕೊಡುವ ರೂಢಿ ಬೆಳೆದರೆ, ಎರಡು ದಶಕಗಳ ಈ ದೊಡ್ಡ ದುಡಿಮೆಯ ಫಲ ಪೂರ್ತಿಯಾಗಿ ಅವರ ಕೈಸೇರುತ್ತದೆ.